ತುಕ್ಕಿಲ್ಲದ ವ್ಯಾನು

ಸರ್ ತೀರಿಕೊಂಡ ಮೂರನೆಯ ದಿನ ಮನೆಯವರನ್ನು ಮಾತಾಡಿಸಲು ಬಂದವರಲ್ಲಿ ಹೆಚ್ಚಿನವರು ಮೊದಲು ವ್ಯಾನಿನ ಹತ್ತಿರ ಹೋದರು. ಸುರಪುರದ ರಂಗಂಪೇಟೆಯ ಅವರ ಮನೆಯ ಅಂಗಳದಲ್ಲಿ ತಗಡಿನ ಮಾಡಿನ ಕೆಳಗೆ ಅದು ನಿಂತಿತ್ತು. ಮಗ ಹೊದಿಕೆ ತೆಗೆದು ಮಡಿಚಿಟ್ಟಿದ್ದ. ಕೆನೆಬಣ್ಣದ ಮೈ, ನಡುವಿನ ಸುತ್ತ ಒಂದು ಹಸಿರು ಪಟ್ಟಿ, ಮುಂದೆ ಎರಡು ದುಂಡನೆಯ ದೀಪ. ಇಷ್ಟು ಹಳೆಯ ಸಣ್ಣ ವ್ಯಾನು ಯಾದಗಿರಿ, ಶಹಾಪುರ, ಸುರಪುರ ಎಲ್ಲಿ ಹುಡುಕಿದರೂ ಇನ್ನೊಂದು ಸಿಗುವುದಿಲ್ಲ ಎಂದು ಕಾಲೇಜಿನವರೊಬ್ಬರು ಹೇಳಿದರು. ಇನ್ನೊಬ್ಬರು ಮೊಣಕಾಲೂರಿ ಅಡಿಗೆ ಇಣುಕಿದರು.

"ಒಂದು ಚುಕ್ಕಿ ತುಕ್ಕಿಲ್ಲ ನೋಡ್ರಿ. ಮನಶಾ ಎಂಥಾವಿದ್ದ ಅನ್ನೋದು ಇದ್ರಾಗ ಗೊತ್ತಾಗ್ತದ."

ಗೊತ್ತಾಗುತ್ತದೆ. ಆ ಮಾತನ್ನು ನಾನೂ ಒಪ್ಪುತ್ತೇನೆ. ಅವರು ಹೇಳಿದ ಅರ್ಥದಲ್ಲಿ ಅಲ್ಲ.

ನಾನು ಸುರಪುರದಲ್ಲಿ ಬಿ.ಎಸ್ಸಿ. ಓದುವಾಗ ಸರ್ ನಮಗೆ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಅವರ ಮನೆ ನಮ್ಮ ಮನೆಯ ಎದುರಿಗೇ. ಹೀಗಾಗಿ ಅವರನ್ನು ಪ್ರಯೋಗಾಲಯದ ಬಿಳಿ ಕೋಟಿನಲ್ಲೂ, ಬನಿಯನ್ನು ಮತ್ತು ಮಡಿಚಿದ ಲುಂಗಿಯಲ್ಲೂ ಕಂಡವಳು ನಾನು. ಎತ್ತರದ, ಒಣಗಿದ ಮೈಯ ಮನುಷ್ಯ. ನಗುವುದು ಕಡಿಮೆ. ಅವರಿಗೊಂದು ಚಟವಿತ್ತು: ಎದುರಿಗೆ ಬಂದದ್ದನ್ನೆಲ್ಲ ಬಲಗೈಯ ನಡುಬೆರಳನ್ನು ಮಡಿಚಿ ಅದರ ಗಿಣ್ಣಿನಿಂದ ಬಡಿದು, ತಲೆ ಓರೆ ಮಾಡಿ, ಸಪ್ಪಳ ಕೇಳುವುದು. ಗೋಡೆ, ಬೆಂಚು, ಬಾಗಿಲು, ಕಲ್ಲಂಗಡಿ, ಹೊಸ ಕಟ್ಟಡದ ಗಾರೆ. ಒಂದು ಸಲ ಕಾಲೇಜಿನ ಸಮಾರಂಭದಲ್ಲಿ ಅವರನ್ನು ಸನ್ಮಾನಿಸಿ ಫಲಕ ಕೊಟ್ಟರು. ವೇದಿಕೆಯ ಮೇಲೆ, ಅತಿಥಿಗಳ ಎದುರಿಗೇ, ಅದನ್ನೂ ಬಡಿದರು. "ಕಟ್ಟಿಗಿ ಅಂತ ತಿಳಕೊಂಡಿದ್ದೆ," ಎಂದು ಮೈಕಿನಲ್ಲಿ ಹೇಳಿ ಇಳಿದು ಬಂದರು. ಸಭೆ ನಕ್ಕಿತು. ಅವರು ನಗಿಸಲು ಹೇಳಿರಲಿಲ್ಲ.

"ಕೆಳಗ ಏನದ ನೋಡು" ಎಂಬುದು ಅವರ ಮಾತು. ಪಾಠದಲ್ಲೂ ಅದೇ, ಮನೆಯಲ್ಲೂ ಅದೇ. ನಾವು ಬರೆದ ಉತ್ತರ ಸರಿಯಿದ್ದರೂ, "ಇದು ಹೆಂಗ ಬಂತು, ಕೆಳಗ ಏನದ ಹೇಳು" ಎನ್ನುತ್ತಿದ್ದರು. ಪ್ರಯೋಗದ ವಹಿಯಲ್ಲಿ ಒಂದು ಅಂಕಿಯನ್ನು ತಿದ್ದಿ ಅದರ ಮೇಲೆಯೇ ಇನ್ನೊಂದು ಬರೆದಿದ್ದರೆ ಇಡೀ ಪುಟಕ್ಕೆ ಗೀಟು ಎಳೆಯುತ್ತಿದ್ದರು. "ಮ್ಯಾಲೆ ಬಳಿಬ್ಯಾಡ. ಹೊಡದು ಹಾಕು, ಮತ್ತ ಮಾಡು." ನನಗೆ ಈ ರೀತಿ ಇಷ್ಟವಾಗಿತ್ತು. ಅಂದಾಜಿನ ಮೇಲೆ ಬದುಕುವ ಊರಿನಲ್ಲಿ ಒಬ್ಬರಾದರೂ ಹನಿ ಎಣಿಸುವವರಿದ್ದಾರೆ ಎಂಬ ನೆಮ್ಮದಿ ಅದು. ನಾನು ಮುಂದೆ ಕಲಬುರಗಿಗೆ ಹೋಗಿ ಎಂ.ಎಸ್ಸಿ. ಮಾಡಿದ್ದರೆ, ಈಗ ಯಾದಗಿರಿಯಲ್ಲಿ ಪಾಠ ಹೇಳುತ್ತಿದ್ದರೆ, ಅದಕ್ಕೆ ಅವರು ಕಾರಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದರ ಜೊತೆ ಇದನ್ನು ತೂಗಿ ನೋಡುವುದು ನನ್ನಿಂದ ಆಗಿಲ್ಲ.

ನಮ್ಮ ತರಗತಿಯಲ್ಲಿ ಕೊಡೇಕಲ್ ರಸ್ತೆಯ ಹಳ್ಳಿಗಳಿಂದ ಬರುವ ಐದಾರು ಹುಡುಗಿಯರಿದ್ದರು. ಪ್ರಯೋಗದ ತರಗತಿ ಮಧ್ಯಾಹ್ನ ಶುರುವಾಗಿ ಐದಕ್ಕೆ ಮುಗಿಯುತ್ತಿತ್ತು. ಅವರ ಬಸ್ಸು ನಾಲ್ಕೂವರೆಗೆ. ಅದು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ, ಅದರಲ್ಲಿ ಬರಲು ಯಾವ ಮನೆಯವರೂ ಒಪ್ಪುತ್ತಿರಲಿಲ್ಲ. ಹಾಗಾಗಿ ನಾಲ್ಕು ದಾಟಿದ ಕೂಡಲೇ ಆ ಹುಡುಗಿಯರು ಗಡಿಯಾರ ನೋಡತೊಡಗುವರು. ಆಮೇಲೆ ಒಬ್ಬೊಬ್ಬರಾಗಿ ಕಾಯಿಸಿದ್ದನ್ನು ಹಾಗೇ ಬಿಟ್ಟು, ಹನಿಸಿದ್ದನ್ನು ಹಾಗೇ ಬಿಟ್ಟು ಓಡುವರು. ಅರ್ಧ ಖಾಲಿಯಾದ ಬ್ಯುರೆಟ್ಟುಗಳ ಸಾಲನ್ನು ಸರ್ ನೋಡುತ್ತ ನಿಲ್ಲುತ್ತಿದ್ದರು. ಮನೆಯ ಊಟ ಯಾರೋ ಅರ್ಧಕ್ಕೆ ಬಿಟ್ಟೆದ್ದರೆ ತಾಯಂದಿರು ನೋಡುತ್ತಾರಲ್ಲ, ಹಾಗೆ.

ಮಲ್ಲಮ್ಮ ಆ ಬಸ್ಸಿನ ಹುಡುಗಿ. ಪ್ರಯೋಗಾಲಯದಲ್ಲಿ ನನ್ನ ಜೋಡಿ. ಅವಳ ಕೈ ನನಗಿಂತ ಚುರುಕು. ಬಣ್ಣ ತಿರುಗುವ ಹನಿಯನ್ನು ಅವಳು ಮೊದಲೇ ಊಹಿಸಿ ನಲ್ಲಿ ಹಿಡಿಯುತ್ತಿದ್ದಳು. ಬಾಯಿಯೂ ಹಾಗೇ. ನಾನು ಸುಮ್ಮನಿದ್ದರೆ, "ನೀ ಒಂದು ಮಾತು ಆಡಿದ್ರ ಈ ಗಾಜು ಒಡೀತದೇನು?" ಎಂದು ಕೇಳುವಳು. ಅವಳ ತಂದೆ ಕಾಲುವೆಯ ಕೆಳಗೆ ಪಾಲಿಗೆ ಭತ್ತ ಮಾಡುತ್ತಿದ್ದರು. ಮಗಳು ವಿಜ್ಞಾನ ಓದುವುದು ಅವರಿಗೆ ಹೆಮ್ಮೆ. ಆದರೆ ದೀಪ ಹಚ್ಚುವ ಹೊತ್ತಿಗೆ ಮಗಳು ಮನೆಯಲ್ಲಿರಬೇಕು ಎಂಬುದರಲ್ಲಿ ಎರಡು ಮಾತಿರಲಿಲ್ಲ.

ನಾವು ಮೊದಲ ವರ್ಷದಲ್ಲಿದ್ದಾಗ, ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಟ್ರ್ಯಾಕ್ಟರು ಆ ವ್ಯಾನನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದು ಸರ್ ಅಂಗಳದಲ್ಲಿ ಬಿಟ್ಟಿತು. ಕಾಲುವೆ ತೋಡುವ ಕಾಲಕ್ಕೆ ಎಂಜಿನಿಯರುಗಳ ಕ್ಯಾಂಪಿನಲ್ಲಿ ಓಡಾಡಿದ ಗಾಡಿ. ಕ್ಯಾಂಪು ಎದ್ದು ಹೋದ ಮೇಲೆ ಅಲ್ಲೇ ಬಿದ್ದು, ಎಷ್ಟೋ ವರ್ಷ ಕೋಳಿಗಳಿಗೆ ಗೂಡಾಗಿತ್ತು. ಬಾಗಿಲ ಕೆಳಗಿನ ಅಂಚು ತಿಂದುಹೋಗಿತ್ತು, ಚಕ್ರದ ಮೇಲಿನ ಕಮಾನು ಜರಡಿಯಾಗಿತ್ತು, ನೆಲದಲ್ಲಿ ತಲೆ ತೂರುವಷ್ಟು ತೂತು. ಭಾನುವಾರ ಆ ರಸ್ತೆಯ ಹುಡುಗಿಯರನ್ನೆಲ್ಲ ಸರ್ ಮನೆಗೆ ಕರೆಸಿದರು. ಎದುರು ಮನೆಯವಳೆಂದು ನಾನೂ ಹೋದೆ.

"ಬರೋ ಜೂನಿಗೆ ಇದು ಓಡ್ತದ," ಎಂದರು. "ಪ್ರ್ಯಾಕ್ಟಿಕಲ್ ಮುಗಿಯೋತನಕ ಯಾರೂ ಗಡಿಯಾರ ನೋಡಂಗಿಲ್ಲ. ನಿಮ್ಮ ನಿಮ್ಮ ಮನಿ ಬಾಗಿಲಿಗೆ ಬಿಟ್ಟು ಬರೋದು ನನ್ನ ಕೆಲಸ."

ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು, ಸೀಟುಗಳೇ ಇಲ್ಲದ ಆ ನೆಲದ ಮೇಲೆ ಚೌಕಗಳನ್ನು ಬರೆದು ಒಂದೊಂದರಲ್ಲಿ ಒಂದೊಂದು ಹೆಸರು ಬರೆದರು. ಅವರು ಅಷ್ಟು ಹುರುಪಿನಲ್ಲಿದ್ದುದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

"ಮಲ್ಲಮ್ಮ, ಕಿಟಕಿ ಕಡಿ ನಿಂದು. ಗಾಳಿ ಹೊಡದ್ರರ ನಿನ್ನ ಬಾಯಿ ಮುಚ್ಚತದೇನೋ ನೋಡಮು."

"ಗಾಳಿಗಿ ಕಿಟಕಿ ಯಾಕ್ರಿ ಸರ್," ಎಂದಳು ಮಲ್ಲಮ್ಮ, ತೂತಿನ ಕಡೆ ನೋಡುತ್ತ. "ನೆಲದಾಗಿಂದನ ಬರ್ತದಲ್ರಿ."

ಸರ್ ನಕ್ಕರು. ಆ ವಾರವೇ ಮಲ್ಲಮ್ಮನ ತಂದೆ ಬಂದು ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದರು. "ನೀವು ಮಾತು ಕೊಟ್ಟೀರಂದ್ರ ಇನ್ನೊಂದು ವರ್ಷ ಓದಸ್ತೀನ್ರಿ ಸರ್," ಎಂದು ಕೈಮುಗಿದು ಹೋದರು. ಅಲ್ಲಿಂದ ಮುಂದೆ ಅವಳ ಓದು ಆ ವ್ಯಾನಿಗೆ ಕಟ್ಟಿಕೊಂಡಿತು. ಅದು ಎಲ್ಲರಿಗೂ ಗೊತ್ತಿತ್ತು; ಸರ್‌ಗೂ.

ಡೆಂಟಿಂಗ್ ಕೆಲಸಕ್ಕೆ ಬಸ್‌ಸ್ಟ್ಯಾಂಡ್ ಹಿಂದಿನ ಖಾಜಾ ಚಾಚಾ ಭಾನುವಾರ ಭಾನುವಾರ ಬರುತ್ತಿದ್ದರು. ದಪ್ಪ ಮನುಷ್ಯ, ಮಾತಿನ ಮಲ್ಲ. ತಮ್ಮಷ್ಟು ಚೆಂದ ತಗಡು ಬಡಿಯುವವರು ಹೈದರಾಬಾದಿನಲ್ಲೂ ಇಲ್ಲ ಎಂದು ತಾವೇ ಹೇಳಿಕೊಳ್ಳುವರು. ಮೊದಲ ದಿನವೇ ಅವರು ಬಾಗಿಲ ಕೆಳಗಿನ ಪಟ್ಟಿಯನ್ನು ಉಳಿಯಿಂದ ಸೀಳಿದಾಗ ಒಳಗಿನಿಂದ ಸರಸರನೆ ಒಣ ಮಣ್ಣು ಸುರಿಯಿತು. ಕಾಲುವೆಯ ಮಣ್ಣು.

"ಕ್ಯಾಂಪಿನ ಡ್ರೈವರಗೋಳು ದಿನಾ ಕಾಲುವಿಗಿ ಇಳಿಸಿ ತೊಳೀತಿದ್ರು," ಎಂದರು ಚಾಚಾ. "ನಮ್ಮ ಮಂದಿ ನೀರು ಕಂಡಿದ್ದಿಲ್ಲಲ್ರಿ. ಎಮ್ಮಿಗೂ ಜಳಕ, ಗಾಡಿಗೂ ಜಳಕ. ಪ್ರೀತಿಲಿಂದ ತೊಳದ ತೊಳದ ಸಾಯಿಸ್ಯಾರ."

ಚಕ್ರದ ಕಮಾನಿನಲ್ಲಿ ಬಣ್ಣದ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಸಿಮೆಂಟು, ಸಿಮೆಂಟಿನ ಕೆಳಗೆ ತುರುಕಿದ ಗೋಣಿತಟ್ಟು ಸಿಕ್ಕವು. ಸರ್ ಓಣಿಯವರನ್ನೆಲ್ಲ ಕರೆದು ತೋರಿಸಿದರು. ಅವರ ಮುಖ ಕೆಂಪಾಗಿತ್ತು. ಯಾರೋ ಅವರಿಗೇ ಮೋಸ ಮಾಡಿದ್ದಾರೆ ಎಂಬಂತೆ. ಆ ದಿನವೇ ಅವರು ನಿರ್ಧರಿಸಿದ್ದು: ಅಲ್ಲಲ್ಲಿ ತೇಪೆ ಬೇಡ; ಇಡೀ ಗಾಡಿಯ ಬಣ್ಣ ಕೆರೆದು, ಬೋಳು ತಗಡಿಗೆ ತಂದು, ಎಲ್ಲೆಲ್ಲಿ ತುಕ್ಕಿದೆಯೋ ಅಷ್ಟನ್ನೂ ಕಣ್ಣಾರೆ ಕಂಡು, ಆಮೇಲೆಯೇ ದುರಸ್ತಿ.

ಚಾಚಾ ಒಪ್ಪಲಿಲ್ಲ. "ಒಂದು ಬಾಜು ಬಿಚ್ಚಮು ಸರ್. ಅದನ್ನ ಕೊಯ್ದು, ಹೊಸ ತಗಡು ಬೆಸದು, ಕೆಂಪು ಬಣ್ಣ ಹೊಡದು ಮುಚ್ಚಮು. ಆಮ್ಯಾಲ ಇನ್ನೊಂದು ಬಾಜು. ಹಿಂಗ ಪೂರಾ ಬೋಳು ಮಾಡಿ ನಿಲ್ಲಸಬಾರ್ದು."

"ಕೆಂಪು ಬಣ್ಣ ಹೊಡದ್ರ ಕೆಳಗಿಂದು ಕಾಣಂಗಿಲ್ಲ ಖಾಜಾ. ಮಳಿಗಾಲ ಮುಗೀತು. ಇನ್ನ ಜೂನ್‌ತನಕ ಇಲ್ಲಿ ಹನಿ ಬೀಳಂಗಿಲ್ಲ. ನಮ್ಮಪ್ಪನ ಹೊಲದ ಕುಂಟಿಯ ಕಬ್ಬಿಣದ ಕುಡ ಎಷ್ಟು ವರ್ಷ ಮಾಳಗಿ ಮ್ಯಾಲೆ ಬಿದ್ದಿತ್ತು ಗೊತ್ತದೇನು? ಬೆಳ್ಳಿ ಹಂಗಿತ್ತು."

ಅವರು ಹೇಳಿದ್ದು ಸುಳ್ಳಲ್ಲ. ಕಾಲುವೆ ಬರುವ ಮೊದಲು ಈ ನೆಲ ಹಾಗೇ ಇತ್ತಂತೆ. ಜೋಳದ ಹೊಲ, ಒಣ ಗಾಳಿ, ಚಳಿಗಾಲದಲ್ಲೂ ತುಟಿ ಒಡೆಯುವ ಹವೆ. ಕಬ್ಬಿಣವನ್ನು ಅಂಗಳದಲ್ಲಿ ಎಸೆದರೂ ಅದು ಕಬ್ಬಿಣವಾಗಿಯೇ ಇರುತ್ತಿತ್ತು. ನಾನು ಹುಟ್ಟಿದ್ದು ಕಾಲುವೆ ಬಂದ ಮೇಲೆ. ನನಗೆ ಗೊತ್ತಿರುವ ಸುರಪುರದ ಸುತ್ತ ಎರಡು ಬೆಳೆ ಭತ್ತ, ವರ್ಷದ ಹೆಚ್ಚಿನ ತಿಂಗಳು ನಿಂತ ನೀರು, ಬೆಳಗಿನ ಮಂಜು. ಸರ್ ಇದೇ ಊರಿನಲ್ಲಿ ನನ್ನ ಕಣ್ಣೆದುರಿಗೇ ಇದ್ದರು, ಆದರೆ ಅವರ ಲೆಕ್ಕದಲ್ಲಿದ್ದ ಗಾಳಿ ಅವರ ಅಪ್ಪನ ಕಾಲದ್ದು. ತುಕ್ಕು ಹಿಡಿಯಲು ಕಬ್ಬಿಣ, ಗಾಳಿ, ನೀರು ಮೂರೂ ಬೇಕು ಎಂದು ನಮಗೆ ಬರೆಸಿದವರು ಅವರೇ.

ದೀಪಾವಳಿ ಕಳೆದ ಮೇಲೆ ವ್ಯಾನು ಬೋಳಾಯಿತು. ಸರ್ ಮತ್ತು ಚಾಚಾ ಇಬ್ಬರೂ ಕೂತು ಕೆರೆದು, ತಿಕ್ಕಿ, ಕೊನೆಗೆ ಅದರ ಮೇಲೆ ಬಿಸಿಲು ಬಿದ್ದರೆ ಕಣ್ಣು ಕುಕ್ಕುವಂತಾಯಿತು. ಸರ್ ಬೆರಳ ಗಿಣ್ಣಿನಿಂದ ಅಂಗುಲ ಅಂಗುಲ ಬಡಿದು, ಟೊಳ್ಳು ಕೇಳಿದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿದರು. ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಮಂಜು ದಟ್ಟವಾಗಿತ್ತು. ನಾನು ನೀರು ಹಿಡಿಯಲು ಹೊರಗೆ ಬಂದಾಗ ಸರ್ ವ್ಯಾನಿನ ಪಕ್ಕದಲ್ಲಿ ನಿಂತಿದ್ದರು. ಬೆರಳಿನಿಂದ ಮೇಲಿನ ಛತ್ತಿನ ಅಂಚನ್ನು ಸವರಿ ಬೆರಳನ್ನು ನೋಡಿಕೊಂಡರು. ಇಡೀ ಗಾಡಿಯ ಮೇಲೆ ತೆಳುವಾದ ಕಿತ್ತಳೆ ಪುಡಿ ಹಬ್ಬಿತ್ತು. ಗುರುತು ಹಾಕಿದ ಸೀಮೆಸುಣ್ಣವೂ ಆ ಬಣ್ಣಕ್ಕೆ ತಿರುಗಿತ್ತು.

"ಇದು ನಿಮ್ಮ ಅಪ್ಪನ ಕಾಲದ ಹವಾ ಅಲ್ರಿ ಸರ್," ಎಂದರು ಭಾನುವಾರ ಬಂದ ಚಾಚಾ. ಗೆದ್ದ ದನಿಯೇನೂ ಇರಲಿಲ್ಲ. ಕೆಲಸ ದುಪ್ಪಟ್ಟಾಯಿತಲ್ಲ ಎಂಬ ಬೇಸರವಿತ್ತು. "ಸುತ್ತ ಮುತ್ತ ನೀರು. ಹವಾನ ಹಸಿ ಅದ. ಈಗರ ಬಣ್ಣ ಹೊಡೀರಿ."

ಸರ್ ಹೊಡೆಸಲಿಲ್ಲ. ಮತ್ತೆ ಕೆರೆದರು. ಒಂದು ಕಡೆ ಬೆಸೆಯುವಷ್ಟರಲ್ಲಿ ಇನ್ನೊಂದು ಕಡೆ ಕಿತ್ತಳೆಯಾಗುತ್ತಿತ್ತು. ಅದನ್ನು ಕೆರೆಯುವಷ್ಟರಲ್ಲಿ ಮೊದಲಿನದು. ತಂಗಡಿ ಗಿಡದ ತೊಗಟೆ ತರಿಸಿ ದೊಡ್ಡ ಪಾತ್ರೆಯಲ್ಲಿ ಕುದಿಸಿ, ಆ ಕಷಾಯವನ್ನು ತಗಡಿಗೆ ಬಳಿದು ನೋಡಿದರು. ತುಕ್ಕು ಕಪ್ಪಾಗಿ ಗಟ್ಟಿಯಾಗಿ ಕೂತಿತು. "ನಮ್ಮಜ್ಜ ಇದನ್ನ ತೊಗಲು ಹದಾ ಮಾಡ್ಲಾಕ ಹಾಕ್ತಿದ್ದ," ಎಂದು ನನಗೆ ಹೇಳಿದರು. "ನಾನು ಕಬ್ಬಿಣಕ್ಕ ಹಾಕಾಕತ್ತೀನಿ." ಅವರ ದನಿಯಲ್ಲಿ ಒಂದು ಬಗೆಯ ಅಭಿಮಾನವಿತ್ತು. ಆದರೆ ಮರುವಾರವೇ, ಕಪ್ಪಿನ ಕೆಳಗೆ ಏನಿದೆಯೋ ಕಾಣುವುದಿಲ್ಲ ಎಂದು ಅದನ್ನೂ ಕೆರೆದು ತೆಗೆದರು. ಅವರ ಹೆಂಡತಿ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತ ನನ್ನ ತಾಯಿಗೆ ಹೇಳುತ್ತಿದ್ದರು: "ನಮ್ಮ ಗೇಟಿನ ತಿರುಗಣಿ ತುಕ್ಕು ಹಿಡದು ಕರ್ರಂತ ಒದರಾಕತ್ತು ಎರಡು ವರ್ಷಾತು ನೋಡ್ರಿ. ಅದು ಇವ್ರ ಕಿವಿಗಿ ಬೀಳಂಗಿಲ್ಲ."

ಜೂನ್ ಬಂತು. ನಾವು ಎರಡನೆಯ ವರ್ಷಕ್ಕೆ ಬಂದೆವು. ವ್ಯಾನಿನ ನೆಲ ಆಗಿತ್ತು, ಎಂಜಿನ್ನು ರಿಪೇರಿಯಾಗಿ ತಿರುಗುತ್ತಿತ್ತು, ಬ್ರೇಕು ಹಿಡಿಯುತ್ತಿತ್ತು. ಮಲ್ಲಮ್ಮನ ತಂದೆ ಬಂದು ಗೇಟಿನ ಬಳಿ ನಿಂತರು.

"ಈ ವಾರದಿಂದ ಅಂದಿದ್ರಿ ಸರ್."

"ದಸರಾಕ್ಕ ಬರ್ರಿ. ಸ್ವಲ್ಪ ಉಳದದ."

ಛತ್ತಿನ ಕೆಳಗೆ ಬಗ್ಗಿ ನಿಂತಿದ್ದ ಚಾಚಾ ಸುತ್ತಿಗೆ ಕೆಳಗಿಟ್ಟರು. "ಸರ್, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೆಲ ನಾ ಮಾಡೀನಿ. ಅದ್ರ ಮ್ಯಾಲೆ ಎಮ್ಮಿ ಹತ್ತಸ್ರಿ, ಏನೂ ಆಗಂಗಿಲ್ಲ. ಈಗ ನೀವು ಕುಂತು ಬಡಸಾಕತ್ತಿದ್ದು ಛತ್ತು. ಛತ್ತಿನ ಮ್ಯಾಲೆ ಯಾವ ಹುಡುಗಿ ಕುಂದ್ರತಾಳ? ಒಂದು ಕೈ ಬಣ್ಣ ಹೊಡದು ರೋಡಿಗಿ ಬಿಡಮು. ದಿನಾ ಓಡ್ಲಿ, ಭಾನುವಾರ ನಾ ಬಡೀತೀನಿ."

"ಮ್ಯಾಲೆ ಬಣ್ಣ, ಕೆಳಗ ತುಕ್ಕು. ಅಂಥಾದ್ರಾಗ ಮಂದಿ ಹೆಣ್ಣುಮಕ್ಕಳನ್ನ ಕುಂದ್ರಸಲಿ ಅಂತೀಯೇನು?"

"ಬಸ್ಸಿನಾಗ ತುಕ್ಕಿಲ್ಲೇನ್ರಿ?"

ಸರ್ ತಿರುಗಿ ಛತ್ತಿನ ಅಂಚನ್ನು ಗಿಣ್ಣಿನಿಂದ ಬಡಿದರು. ಮಲ್ಲಮ್ಮನ ತಂದೆ ಇಬ್ಬರ ಮುಖವನ್ನೂ ನೋಡಿ, "ಆತು ಬಿಡ್ರಿ, ದಸರಾ," ಎಂದು ಹೋದರು. ದಸರಾ ಬಂದಾಗ ಛತ್ತಿನ ನೀರು ಹೋಗುವ ಅಂಚಿನಲ್ಲಿ ಬೆರಳಗಲದ ತುಕ್ಕು ಸಿಕ್ಕಿತ್ತು. ಸಂಕ್ರಾಂತಿ ಎಂದಾಯಿತು. ಮಲ್ಲಮ್ಮನ ತಂದೆ ಆಮೇಲೆ ಕೇಳಲು ಬರಲಿಲ್ಲ.

ಆ ವರ್ಷವಿಡೀ ಮಲ್ಲಮ್ಮ ನಾಲ್ಕು ಗಂಟೆಗೆ ಕೈತೊಳೆದು ಓಡಿದಳು. ಅವಳು ಬಿಟ್ಟುಹೋದ ಪ್ರಯೋಗವನ್ನು ನಾನು ಮುಗಿಸಿ ಅಂಕಿಗಳನ್ನು ಅವಳಿಗೆ ಕೊಡಬಹುದಿತ್ತು, ಬೇರೆ ಜೋಡಿಗಳೆಲ್ಲ ಹಾಗೇ ಮಾಡುತ್ತಿದ್ದರು. ಮಲ್ಲಮ್ಮನೇ ಬೇಡವೆಂದಳು. "ಸರ್‌ಗ ಗೊತ್ತಾದ್ರ ನಿಂದೂ ಹೋಗ್ತದ. ವ್ಯಾನ್ ಬರ್ತದಲ್ಲ, ಬಂದ ಮ್ಯಾಲೆ ಎಲ್ಲಾ ಮತ್ತ ಮಾಡ್ತೀನಿ." ಅವಳು ನಿಜವಾಗಿ ನಂಬಿದ್ದಳು. ಮಾಘ ಮುಗಿಯುವ ಹೊತ್ತಿಗೆ ಪ್ರಯೋಗದ ವಹಿಗೆ ಸಹಿ ಹಾಕಿಸಿಕೊಳ್ಳುವ ದಿನ ಬಂತು. ಸಹಿಯಿಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ. ಸರ್ ಅವಳ ವಹಿಯನ್ನು ನಿಧಾನವಾಗಿ ತಿರುವಿ ಹಾಕಿದರು. ಪ್ರತಿ ಪುಟವೂ ಅಚ್ಚುಕಟ್ಟು. ಪ್ರತಿ ಪುಟವೂ ಅರ್ಧ.

"ಅರ್ಧ ಮಾಡಿದ್ದಕ್ಕ ಸಹಿ ಹಾಕಂಗಿಲ್ಲ ತಂಗಿ."

"ಬಸ್ಸಿನ ಸಲುವಾಗಿ ಸರ್."

"ಗೊತ್ತದ. ಬರೋ ವರ್ಷ ಗಾಡಿ ಇರ್ತದ. ಕುಂತು ಪೂರಾ ಮಾಡು."

ಮಲ್ಲಮ್ಮ ಒಂದು ಕ್ಷಣ ನಿಂತಳು. ಏನಾದರೂ ಚೇಷ್ಟೆಯ ಮಾತು ಹೇಳುತ್ತಾಳೆ ಎಂದುಕೊಂಡೆ. "ಬರೋ ವರ್ಷ ನಾ ಇರಂಗಿಲ್ರಿ ಸರ್," ಎಂದಳು. ಆಮೇಲೆ ನಮ್ಮ ಮೇಜಿಗೆ ಬಂದು, ಯಾರೂ ಹೇಳದಿದ್ದರೂ ಬ್ಯುರೆಟ್ಟನ್ನು ತೊಳೆದು, ನೀರು ಇಳಿಯಲೆಂದು ತಲೆಕೆಳಗಾಗಿ ಸಿಕ್ಕಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಆ ಬೇಸಿಗೆಯಲ್ಲಿ ಅವಳನ್ನು ಹತ್ತಿಕುಣಿಯ ಕಡೆ ಕೊಟ್ಟರು.

ನಾನು ಸರ್ ಎದುರು ಎತ್ತಿ ಆಡಿದ ಮಾತು ಒಂದೇ. ಮದುವೆಯ ಸುದ್ದಿ ಕೇಳಿದ ಸಂಜೆ ರಸ್ತೆ ದಾಟಿ ಹೋದೆ. ಅವರು ವ್ಯಾನಿನ ಬಾಗಿಲಿಗೆ ಉಪ್ಪುಕಾಗದ ಹಿಡಿದು ತಿಕ್ಕುತ್ತಿದ್ದರು.

"ಸಹಿ ಹಾಕಬಹುದಿತ್ತು ಸರ್," ಎಂದೆ.

ತಿಕ್ಕುವುದನ್ನು ನಿಲ್ಲಿಸಿದರು. ಪಡಸಾಲೆಯ ಗೋಡೆಯ ಮೇಲಿದ್ದ ಬುದ್ಧನ ಪಟದ ಕಡೆ ನೋಡುತ್ತ ಹೇಳಿದರು, ನನಗೆ ಹೇಳಿದಂತೆ ಇರಲಿಲ್ಲ.

"ನಾ ಓದೋವಾಗ ಪ್ರ್ಯಾಕ್ಟಿಕಲ್ದಾಗ ನಂದು ಉತ್ತರ ಸರಿ ಬಂದಿತ್ತು, ಬಾಜೂದವಂದು ತಪ್ಪು. ನಾನ ಅವಂದು ನೋಡಿ ಬರದೀನಿ ಅಂದ್ರು ನಮ್ಮ ಮಾಸ್ತರು. ಅವಂದು ತಪ್ಪಿತ್ತಲ್ರಿ ಅಂದ್ರ, ಅದನ್ನೂ ನೆಟ್ಟಗ ನೋಡಿ ಬರೀಲಿಕ್ಕಿ ಬರಂಗಿಲ್ಲ ನಿಮಗ ಅಂದ್ರು. ಬ್ಯಾರೇದವ್ರು ಅರ್ಧ ಮಾಡಿದ್ರ ಅರ್ಧ ಮಾಡ್ಯಾರ ಅಂತಾರ. ನಮ್ಮಂಥಾರು ಅರ್ಧ ಮಾಡಿದ್ರ, ಇವ್ರ ಯೋಗ್ಯತಾನ ಇಷ್ಟು ಅಂತಾರ. ನನ್ನ ಕಡಿಂದ ಹೋದ ಹುಡುಗಿಗಿ ಯಾರೂ ಹಂಗ ಅನಬಾರ್ದು."

ಅವರನ್ನು ಹಾಗೆ ಮಾಡಿದವರ ಮೇಲೆ ಬರುವ ಸಿಟ್ಟು ಅವರ ಮೇಲಿನ ಸಿಟ್ಟಿಗಿಂತ ಕಡಿಮೆಯದಲ್ಲ. ಆದರೆ ಮಲ್ಲಮ್ಮನಿಗೆ ಯಾರೂ ಹಾಗೆ ಅನ್ನಲಿಲ್ಲ ಎಂಬುದು ನಿಜ. ಅನ್ನುವ ಸಂದರ್ಭವೇ ಬರಲಿಲ್ಲ.

ವ್ಯಾನು ಮುಗಿದದ್ದು ನಾನು ಕಲಬುರಗಿಯಲ್ಲಿ ಎರಡನೆಯ ವರ್ಷದ ಎಂ.ಎಸ್ಸಿ.ಯಲ್ಲಿದ್ದಾಗ. ರಜೆಗೆ ಬಂದಿದ್ದೆ. ಸರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಮ್ಮ ಮನೆಯ ಬಾಗಿಲಿಗೆ ಬಂದರು. "ಬಾ ತಂಗಿ, ಒಂದು ರೌಂಡ್ ಹೋಗಿ ಬರಮು." ಒಳಗೆ ಎಂಟು ಸೀಟು, ಹಸಿರು ರೆಕ್ಸಿನ್ನು. ಕಿಟಕಿಯ ಗಾಜು ಒಂದು ಬೆರಳಿಗೆ ಸರಿಯುತ್ತಿತ್ತು. ಎಲ್ಲಿಗೆ ಎಂದು ಅವರು ಹೇಳಲಿಲ್ಲ. ಕೊಡೇಕಲ್ ರಸ್ತೆಗೆ ತಿರುಗಿದಾಗ ತಿಳಿಯಿತು. ಭತ್ತ ಕೊಯ್ಲಾಗಿತ್ತು. ಎರಡೂ ಕಡೆಯ ಹೊಲಗಳಲ್ಲಿ, ನೀರು ಹೆಚ್ಚು ನಿಂತು ಕೆಟ್ಟ ಕಡೆ, ನೆಲದ ಮೇಲೆ ಬೆಳ್ಳನೆಯ ಉಪ್ಪಿನ ಸವುಳು ಎದ್ದಿತ್ತು. ಕಾಲುವೆಯ ಸೋರು ನೀರು ರಸ್ತೆಗೆ ಹರಿದಲ್ಲೆಲ್ಲ ಸರ್ ಗಾಡಿಯನ್ನು ನಿಲ್ಲಿಸಿ, ಇಳಿದು, ಆಳ ನೋಡಿ, ಬದಿಯಲ್ಲಿ ದಾಟಿಸಿದರು. ಬಸ್ಸು ಮುಕ್ಕಾಲು ಗಂಟೆಯಲ್ಲಿ ಹೋಗುವ ದಾರಿಗೆ ನಮಗೆ ಅದರ ಎರಡರಷ್ಟು ಹೊತ್ತು ಹಿಡಿಯಿತು.

ಮಲ್ಲಮ್ಮನ ತಂದೆ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಎದ್ದು ಬಂದು, ಹೆಗಲ ವಸ್ತ್ರದಿಂದ ಕೈ ಒರೆಸಿಕೊಂಡು, ಗಾಡಿಯನ್ನು ಮೊದಲಿನಂತೆಯೇ ಒಂದು ಸುತ್ತು ಹಾಕಿದರು.

"ಚೊಲೋ ಆಗ್ಯದ್ರಿ ಸರ್."

"ಮಾತು ಕೊಟ್ಟಿದ್ದೆ ನಿಮಗ."

"ಹೌದ್ರಿ." ಅವರು ಕಿಟಕಿಯಿಂದ ಒಳಗೆ ನೋಡಿದರು. "ಎಷ್ಟು ಮಂದಿ ಹಿಡೀತಾರ್ರಿ?"

"ಎಂಟು."

"ಎಂಟು ಮಂದಿ," ಎಂದು ತಲೆಯಾಡಿಸಿದರು. "ಕುಂದ್ರಿ, ಚಾ ಮಾಡಸ್ತೀನಿ. ಮಲ್ಲವ್ವ ಇದ್ದಿದ್ರ ನೋಡಿ ಖುಷಿ ಪಡ್ತಿದ್ಳು."

ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಸರ್ ಚಹಾ ಕುಡಿದು, ಲೋಟವನ್ನು ಕೆಳಗಿಟ್ಟು, ಅಭ್ಯಾಸದಂತೆ ಕಟ್ಟೆಯ ಕಲ್ಲನ್ನು ಗಿಣ್ಣಿನಿಂದ ಒಮ್ಮೆ ಬಡಿದರು. ವಾಪಸು ಬರುವಾಗ ರಸ್ತೆಯನ್ನು ಬಿಟ್ಟು ಬೇರೆಲ್ಲಿಯೂ ನೋಡಲಿಲ್ಲ. ಮನೆ ಮುಟ್ಟಿದ ಕೂಡಲೇ ಗೋಣಿ ಹಾಸಿ ಗಾಡಿಯಡಿ ಮಲಗಿ, ಅಂಟಿದ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸತೊಡಗಿದರು. ಸವುಳು ನೀರು ಕಬ್ಬಿಣಕ್ಕೆ ವಿಷ ಎಂದು ಕೆಳಗಿನಿಂದಲೇ ನನಗೆ ಹೇಳಿದರು.

ಅದಾದ ಮೇಲೆ ವ್ಯಾನು ಆ ರಸ್ತೆಗೆ ಹೋಗಲಿಲ್ಲ. ಬೇರೆ ಹುಡುಗಿಯರನ್ನಾದರೂ ಬಿಟ್ಟು ಬರಬಹುದಲ್ಲ ಎಂದು ಅವರ ಹೆಂಡತಿ ಒಮ್ಮೆ ಅಂದರು. "ಮಳಿಗಾಲ ಹೋಗ್ಲಿ," ಎಂದರು ಸರ್. ಮಳೆಗಾಲ ಹೋದರೆ ಕಾಲುವೆಯ ನೀರಿತ್ತು. ಅಲ್ಲದೆ, ಆ ರಸ್ತೆಯಿಂದ ವಿಜ್ಞಾನಕ್ಕೆ ಸೇರುವ ಹುಡುಗಿಯರೂ ಇಲ್ಲವಾಗಿದ್ದರು. ಹಿಂದಿನವರಲ್ಲಿ ಕೆಲವರು ಓದು ಮುಗಿಸಲಿಲ್ಲ ಎಂಬುದನ್ನು ಊರು ನೋಡಿತ್ತು. ಯಾದಗಿರಿಯಿಂದ, ಶಹಾಪುರದಿಂದ ಹಳೆಯ ಗಾಡಿಗಳ ಹುಚ್ಚಿದ್ದವರು ಬಂದು ನೋಡಿ ಹೋಗುತ್ತಿದ್ದರು. ಸರ್ ಅವರಿಗೆ ಎಲ್ಲೆಲ್ಲಿ ಏನೇನು ಕೊಯ್ದು ಬೆಸೆದದ್ದು ಎಂದು ತೋರಿಸುತ್ತಿದ್ದರು. ಬೆಸುಗೆಯ ಗುರುತು ಯಾರಿಗೂ ಸಿಗುತ್ತಿರಲಿಲ್ಲ. ನಿವೃತ್ತಿಗೆ ಕೆಲವು ತಿಂಗಳು ಉಳಿದಿರುವಾಗ, ಒಂದು ಮಧ್ಯಾಹ್ನ ಪಾಠ ಮುಗಿಸಿ ಕ್ಲಾಸಿನಿಂದ ಹೊರಗೆ ಬಂದವರು ವರಾಂಡದ ಬೆಂಚಿನ ಮೇಲೆ ಕೂತರು, ಮತ್ತೆ ಏಳಲಿಲ್ಲ.

ಮೂರನೆಯ ದಿನ, ನೋಡುವವರು ಸ್ವಲ್ಪ ಕಡಿಮೆಯಾದಾಗ, ನಾನೂ ವ್ಯಾನಿನ ಹತ್ತಿರ ಹೋದೆ. ನಡುಬೆರಳು ಮಡಿಚಿ ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಕಮಾನು, ಛತ್ತಿನ ಅಂಚು ಎಲ್ಲವನ್ನೂ ಬಡಿದು ಕೇಳಿದೆ. ಎಲ್ಲೂ ಟೊಳ್ಳಿರಲಿಲ್ಲ.

ಗೇಟು ಕರ್ರೆಂದು ಒದರಿತು. ಮಲ್ಲಮ್ಮ ಬಂದಿದ್ದಳು. ಭತ್ತ ನಾಟಿಗೆಂದು ತವರಿಗೆ ಬಂದವಳು, ಸುದ್ದಿ ಕೇಳಿ ಗದ್ದೆಯಿಂದಲೇ ಎದ್ದು ಬಂದಿದ್ದಳು. ಸೀರೆಯ ಅಂಚಿನಲ್ಲಿ, ಪಾದದ ಮೇಲೆ ಒಣಗಿದ ಕೆಸರು. ಒಳಗೆ ಹೋಗಿ ಸರ್ ಹೆಂಡತಿಯ ಪಕ್ಕದಲ್ಲಿ ಕೂತು, ಅವರ ಕೈ ಹಿಡಿದುಕೊಂಡು ಅತ್ತಳು. ಲೆಕ್ಕ ಇಟ್ಟುಕೊಂಡವರ ಅಳು ಅದಲ್ಲ. ಆಮೇಲೆ ಹೊರಗೆ ಬಂದು ನನ್ನ ಪಕ್ಕದಲ್ಲಿ ನಿಂತು ವ್ಯಾನು ನೋಡಿದಳು.

"ಇದೇನ ಆ ಗಾಡಿ?"

"ಇದೇ."

"ತೂತು ಎಲ್ಲದ?" ಎಂದು ಬಗ್ಗಿ ನೋಡಿ ಸಣ್ಣಗೆ ನಕ್ಕಳು. "ನಂದು ಯಾವ ಕಡಿ ಇತ್ತು, ಆ ಕಡೀದಲ್ಲ?"

ಬಾಗಿಲ ಹಿಡಿಗೆ ಕೈ ಹಾಕಿದಳು. ಅಷ್ಟರಲ್ಲಿ ಸರ್ ಮಗ ಒಳಗಿನಿಂದ ಓಡಿ ಬಂದ. ಒಳ್ಳೆಯ ಹುಡುಗ, ಮೂರು ದಿನದಿಂದ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು.

"ಅಕ್ಕಾರ, ನೋಡ್ರಿ, ಆದ್ರ ಕಾಲು ತೊಳಕೊಂಡು ಹತ್ರಿ. ಕೆಸರು ಬಿದ್ರ ಅಪ್ಪಗ ಸೇರ್ತಿದ್ದಿಲ್ಲ. ಅಲ್ಲಿ ಬಚ್ಚಲದಾಗ ನೀರು ಅದ."

ಮಲ್ಲಮ್ಮ ತನ್ನ ಪಾದ ನೋಡಿಕೊಂಡಳು. ಹಿಡಿಯಿಂದ ಕೈ ತೆಗೆದು, ಬೆರಳಿನ ಗುರುತು ಬಿದ್ದ ಜಾಗವನ್ನು ಸೆರಗಿನಿಂದ ಒರೆಸಿದಳು.

"ಇರ್ಲಿ ಬಿಡಪ್ಪಾ. ತೊಳಕೊಂಡು ಕುಂತ್ರ ಬಸ್ ಹೋಗ್ತದ."

ನಾನು ಅವಳ ಜೊತೆ ಬಸ್‌ಸ್ಟ್ಯಾಂಡಿನವರೆಗೆ ನಡೆದೆ. ದಾರಿಯಲ್ಲಿ ಅವಳು ಕೇಳಿದ್ದು ಒಂದೇ.

"ನಿಮ್ಮ ಕಾಲೇಜಿನಾಗ ಪ್ರ್ಯಾಕ್ಟಿಕಲ್ ಎಷ್ಟಕ್ಕ ಬಿಡ್ತೀರಿ?"

"ಐದಕ್ಕ," ಎಂದೆ.

ಅವಳು ನನ್ನ ಮುಖ ನೋಡಿ, ಹೆಜ್ಜೆ ಬೇಗ ಮಾಡಿದಳು. ಕೊಡೇಕಲ್ ಬಸ್ಸು ಆಗಲೇ ಹೊರಳಿ ನಿಂತಿತ್ತು. ನಾಲ್ಕೂವರೆಗೆ ಸರಿಯಾಗಿ ಬಿಟ್ಟಿತು.